ವಾರಕ್ಕೊಂದು ಪ್ರಶ್ನೆಪತ್ರಿಕೆ

ಮಲ್ಲೇಶ್ವರಂನಲ್ಲಿ ಹುಟ್ಟಿ, ಎಂಇಎಸ್ ಕಾಲೇಜಿನಲ್ಲಿ ಓದಿ, ಈಗ ಲಂಡನ್ನಿನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ನೆಲೆಸಿರುವ ಹುಡುಗ ಎಲ್ಲರಿಗೂ ಗೊತ್ತು. ವಯಸ್ಸು ನಲವತ್ತು ದಾಟಿದೆ; ಬಡಾವಣೆಯ ಲೆಕ್ಕದಲ್ಲಿ ಇನ್ನೂ ಹುಡುಗನೇ. ಕೆಲಸ, ಮನೆ, ಸಾಲ, ಚಳಿಗಾಲದ ಟೈರು ಎಲ್ಲ ಆದಮೇಲೆ ಕ್ಯಾಮೆರಾ ಕೊಂಡು ವಾರದ ಫೋಟೊ ಚಾಲೆಂಜಿಗೆ ಸೇರುತ್ತಾನೆ. ಸೋಮವಾರ ಥೀಮ್ ಬರುತ್ತದೆ: ‘ನೆರಳು’, ‘ಕೆಂಪು’, ‘ಹಳೆಯದು’. ಭಾನುವಾರ ರಾತ್ರಿಯೊಳಗೆ ಚಿತ್ರ ಹೋಗಬೇಕು. ಇದನ್ನು ಜನ ಹವ್ಯಾಸ ಎನ್ನುತ್ತಾರೆ. ನನಗಿದು ಪರೀಕ್ಷೆಯಾಗಿಯೇ ಕಾಣುತ್ತದೆ. ಟ್ಯೂಷನ್ನು, ಸಿಇಟಿ, ಜಿಆರ್‌ಇ ಎಂದು ಬೆಳೆದವನಿಗೆ ವೀಸಾ ಸಂದರ್ಶನದ ನಂತರ ಯಾರೂ ಪ್ರಶ್ನೆಪತ್ರಿಕೆ ಕೊಟ್ಟಿರಲಿಲ್ಲ. ಈಗ ವಾರಕ್ಕೊಂದು ಸಿಗುತ್ತಿದೆ.

ಸಾಕ್ಷಿ ಬೇಕಾದರೆ ಅವನ ನಡವಳಿಕೆ ನೋಡಿ. ಥೀಮ್ ಬಂದೊಡನೆ ಮೊದಲು ನಿಯಮ ಓದುತ್ತಾನೆ. ‘ಕಿಟಕಿ’ ಎಂದರೆ ಕಾರಿನ ಕಿಟಕಿಯೂ ಆದೀತೇ ಎಂದು ಬರೆದು ಕೇಳುತ್ತಾನೆ. ಸಿಲಬಸ್ಸಿನ ಹೊರಗೆ ಬರೆದು ಅಂಕ ಕಳೆದುಕೊಳ್ಳುವುದು ಅವನ ಜಾಯಮಾನವಲ್ಲ. ನಮ್ಮ ಹಳೇ ಮನೆಗಳ ಮಂಕಿ ಟಾಪ್ ಕಿಟಕಿಗಳ ರಾಶಿ ಚಿತ್ರ ಅವನ ಹಾರ್ಡ್ ಡಿಸ್ಕಿನಲ್ಲಿದೆ. ಒಂದನ್ನೂ ಮುಟ್ಟುವುದಿಲ್ಲ. ಅದೇ ವಾರ ತೆಗೆದದ್ದಿರಬೇಕೆಂಬ ಷರತ್ತಿದೆ. ಹಳೆಯದನ್ನು ಕಳಿಸುವುದು ಚೀಟಿ ಇಟ್ಟು ಕಾಪಿ ಹೊಡೆದಂತೆ. ಮೂವತ್ತೆಂಟು ಮೆಚ್ಚುಗೆ ಬಂದರೂ ‘ಮಿಕ್ಕ ಎರಡು ಎಲ್ಲೋ ಹೋಯ್ತು?’ ಎಂಬ ಅಪ್ಪನ ದನಿ ಒಳಗೇ ಕೇಳುತ್ತದೆ.

ಪರೀಕ್ಷೆಯಲ್ಲ, ಊರಿನ ನೆನಪು ಎಂದು ಕೆಲವರ ವಾದ. ಅವನ ಚಿತ್ರಗಳ ತುಂಬ ಕಾಫಿ ಫಿಲ್ಟರು, ಇಡ್ಲಿ ಪಾತ್ರೆ, ಸಾಸಿವೆ ಡಬ್ಬಿಗಳೇ ಇವೆಯಲ್ಲ ಎನ್ನುತ್ತಾರೆ. ಕಾರಣ ಬೇರೆ. ಡಿಸೆಂಬರಿನ ಸ್ಟುಟ್‌ಗಾರ್ಟ್‌ನಲ್ಲಿ ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ಆಫೀಸು ಮುಗಿಸಿ ಬರುವವನಿಗೆ ಬೆಳಕು ಸಿಗುವುದು ಅಡುಗೆಮನೆಯಲ್ಲಿ. ‘ಲೋಹ’ಕ್ಕೆ ಫಿಲ್ಟರು, ‘ಆವಿ’ಗೆ ಇಡ್ಲಿ, ‘ಚಲನೆ’ಗೆ ಒಗ್ಗರಣೆ. ಸಿಡಿಯುವ ಸಾಸಿವೆಯನ್ನು ಹಿಡಿಯಲು ಒಲೆಯ ಮುಂದೆ ಬಗ್ಗಿದವನು, ಲೆನ್ಸಿಗೆ ಎಣ್ಣೆ ಹಾರಲಿ, ಕರಿಬೇವು ಕಪ್ಪಾಗಲಿ, ಹೆಂಡತಿ ಸಾರಿಗೆ ಇನ್ನೊಂದು ಒಗ್ಗರಣೆ ಇಡುವಂತಾಗಲಿ, ಏಳುವುದಿಲ್ಲ. ಊರಿನ ನೆನಪೇ ಕಾರಣವಾಗಿದ್ದರೆ ರಜಕ್ಕೆ ಬಂದಾಗ ಕ್ಯಾಮೆರಾ ಚೀಲ ಸೇರಬೇಕಿತ್ತು. ಆಗುವುದು ತದ್ವಿರುದ್ಧ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಅವನಿಗೆ ‘ಪ್ರತಿಬಿಂಬ’, ಎಂಟನೇ ಕ್ರಾಸಿನ ಸೇವಂತಿಗೆ ರಾಶಿ ‘ಹಳದಿ’, ಕಾಡುಮಲ್ಲೇಶ್ವರನ ಗುಡಿ ಬೀದಿಯ ಕಡಲೆಕಾಯಿ ಪರಿಷೆ ‘ಗದ್ದಲ’. ಮಾರ್ಗೋಸಾ ರಸ್ತೆಯ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ಮೇಜಿಗೆ ಬಂದಮೇಲೂ, ಇವನಿಗೆ ಸರಿಯಾದ ಕೋನ ಸಿಗುವವರೆಗೆ ಅಪ್ಪ ಅಮ್ಮ ಕೈ ಕಟ್ಟಿ ಕೂರಬೇಕು. ಹೊರಗೆ ಸೀಟಿಗೆ ಕಾಯುವವರ ಕಣ್ಣು ಬೇರೆ.

ಇದರಿಂದ ಕಣ್ಣು ಪಳಗುತ್ತದೆ ಎಂಬ ಮಾತನ್ನು ಅರ್ಧ ಒಪ್ಪಬಹುದು. ಹುಟ್ಟಿದಂದಿನಿಂದ ಹಾದುಹೋದ ಎದುರುಮನೆ ಬಾಗಿಲಿಗೆ ಹಿತ್ತಾಳೆ ಚಿಲಕವಿರುವುದು ಅವನಿಗೆ ಈಗಷ್ಟೇ ಕಂಡಿದೆ, ಲಾಭವೇ. ಆದರೆ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಾಗಿ ಕಾದು ಕೂತರೇ ಹೊರತು ಹಕ್ಕಿಗೆ ಗಡುವು ಕೊಡಲಿಲ್ಲ. ನಮ್ಮ ಹುಡುಗನಿಗೋ ಗಡುವಿಲ್ಲದಿದ್ದರೆ ಕ್ಯಾಮೆರಾ ಕಪಾಟು ಬಿಟ್ಟು ಬರುವುದೇ ಇಲ್ಲ. ಹಾಗಾಗಿ ಹದಿನೈದನೇ ಕ್ರಾಸಿನವರಲ್ಲಿ ಒಂದು ವಿನಂತಿ: ಧನುರ್ಮಾಸದ ಬೆಳಗಿನಲ್ಲಿ ನಿಮ್ಮ ರಂಗೋಲಿಯ ಮುಂದೆ ಬೋರಲಾಗಿ ಮಲಗಿರುವವನು ಕಂಡರೆ ಪೊಲೀಸರಿಗೆ ಫೋನ್ ಮಾಡಬೇಡಿ. ಆ ವಾರದ ಥೀಮು ‘ಗೆರೆ’, ಭಾನುವಾರ ಕೊನೇ ದಿನ.