ಇಲಿಗೊಂದು ಸಮಿತಿ

ಗಂಗಾನಗರದಲ್ಲಿ ಬಾಡಿಗೆ ಮನೆ ಹುಡುಕುವ ಪೋಸ್ಟ್‌ಡಾಕ್‌ಗೆ ನಿಜವಾದ ಸಂದರ್ಶನ ನಡೆಯುವುದು ಓನರ್ ಮನೆ ಗೇಟಿನಲ್ಲಿ.

"ಡಾಕ್ಟ್ರಾ? ಯಾವ ಆಸ್ಪತ್ರೆಮ್ಮಾ?"

"ಆಸ್ಪತ್ರೆ ಅಲ್ಲ ಅಂಕಲ್. ಪಿಎಚ್‌.ಡಿ. ಆಗಿದೆ, ಈಗ ರಿಸರ್ಚ್. ಪಾರ್ಕಿನ್ಸನ್ ಕಾಯಿಲೇಲಿ ನರಕೋಶದೊಳಗೆ ಪ್ರೊಟೀನು ಯಾಕೆ ಗುಡ್ಡೆ ಬೀಳುತ್ತೆ ಅಂತ."

"ಪರ್ಮನೆಂಟಾ?"

ಆಕೆ ವರ್ಷಗಟ್ಟಲೆ ಕಾಯಿಲೆಯ ಮೂಲ ಹುಡುಕುತ್ತಿದ್ದಾಳೆ. ಅಂಕಲ್ ಆಕೆಯ ಕಾಯಿಲೆಯ ಮೂಲವನ್ನು ಒಂದೇ ಪದದಲ್ಲಿ ಹಿಡಿದರು.

ಉತ್ತರ ಬೆಂಗಳೂರಿಗೆ ವಿಜ್ಞಾನದ ಬರವಿಲ್ಲ. ಹೆಬ್ಬಾಳ ಫ್ಲೈಓವರ್ ದಾಟಿದರೆ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಕೇಂದ್ರ. ಯಶವಂತಪುರದ ದಾರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಇಂಥ ಕಡೆಯ ಲ್ಯಾಬುಗಳಲ್ಲಿ ಪ್ರಯೋಗಕ್ಕೆಂದು ಸಾಕಿದ ಇಲಿಗಳ ಯೋಗಕ್ಷೇಮ ನೋಡಿದರೆ ಕಣ್ಣು ತಂಪಾಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಕೇಂದ್ರದಲ್ಲೊಂದು ಸಮಿತಿ, ಪ್ರತಿ ಸಂಸ್ಥೆಯಲ್ಲೊಂದು ನೈತಿಕ ಸಮಿತಿ. ಕೋಣೆಯ ಉಷ್ಣಾಂಶ 18ರಿಂದ 29 ಡಿಗ್ರಿಯೊಳಗೆ ಇರಬೇಕು. ಪಂಜರದಲ್ಲಿ ನೂಕುನುಗ್ಗಲು ಕೂಡದು. ಭಾನುವಾರವೂ ಆಹಾರ, ನೀರು ತಪ್ಪಬಾರದು. ಅದನ್ನು ಹಾಕಲು ಭಾನುವಾರ ಬರುವವಳು ನಮ್ಮ ಪೋಸ್ಟ್‌ಡಾಕ್. ಆಕೆಯ ಊಟದ ಬಗ್ಗೆ ಯಾವ ಸಮಿತಿಯೂ ಕೇಳಿದ್ದಿಲ್ಲ.

ಹಾಗೆಂದು ಸರ್ಕಾರ ಕೈಬಿಟ್ಟಿದೆ ಎನ್ನುವಂತಿಲ್ಲ. 2023ರಲ್ಲಿ ರಿಸರ್ಚ್ ಅಸೋಸಿಯೇಟ್‌ಗಳ ಫೆಲೋಶಿಪ್ ಮೊದಲ ಹಂತಕ್ಕೆ 58,000, ಮೂರನೆಯದಕ್ಕೆ 67,000 ರೂಪಾಯಿಗೆ ಏರಿತು. ಮನೆ ಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ಒಳ್ಳೆಯ ಮೊತ್ತ. ತೊಂದರೆ ಏನೆಂದರೆ 'ಸ್ಯಾಂಕ್ಷನ್ ಆಗಿದೆ' ಮತ್ತು 'ರಿಲೀಸ್ ಆಗಿದೆ' ಎಂಬ ಎರಡು ವಾಕ್ಯಗಳ ನಡುವೆ ಹಲವು ತಿಂಗಳು ಹಿಡಿಸುತ್ತವೆ. ಯುಟಿಲೈಸೇಷನ್ ಸರ್ಟಿಫಿಕೇಟ್ ಹೋಗಿಲ್ಲ, ಹೋದದ್ದರಲ್ಲಿ ಸಹಿ ಇಲ್ಲ, ಸಹಿ ಮಾಡಬೇಕಾದವರು ರಜೆಯಲ್ಲಿ. ಅಷ್ಟರಲ್ಲಿ ಮಾರ್ಚ್ 31 ಬಂದು, ಉಳಿದ ಹಣ ವಾಪಸ್ಸು ಎಂಬ ಆದೇಶವೊಂದೇ ಸಕಾಲಕ್ಕೆ ತಲುಪುತ್ತದೆ. ಅಂದಹಾಗೆ, ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳ ಜಿಎಸ್‌ಟಿಯನ್ನು 2022ರ ಜುಲೈನಲ್ಲಿ ಶೇ 5ರಿಂದ ಶೇ 18ಕ್ಕೆ ಏರಿಸಿದವರೂ ಇವರೇ. ಆ ಸುತ್ತೋಲೆ ಮಾತ್ರ ಒಂದು ದಿನವೂ ತಡವಾಗಲಿಲ್ಲ.

ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ಪಿನ ಅವಧಿ ಎರಡು ವರ್ಷ, ಅರ್ಜಿಗೆ ಸಾಮಾನ್ಯ ವಯೋಮಿತಿ 35. ಪಾರ್ಕಿನ್ಸನ್ ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅದರ ಮೇಲೆ ಕೆಲಸ ಮಾಡುವವರಿಗೆ ಮೂವತ್ತೈದಕ್ಕೇ ವಯಸ್ಸಾಯಿತು. ಆಮೇಲೆ? ಪ್ರೊಫೆಸರ್ ಹುದ್ದೆಯ ಜಾಹೀರಾತಿಗೆ ಅರ್ಜಿ ಹಾಕಬೇಕು, ವಿದೇಶಿ ಅನುಭವ ಇಲ್ಲವೆನಿಸಿಕೊಳ್ಳಬೇಕು. ವಿದೇಶಕ್ಕೆ ಹೋದರೆ, ಪ್ರತಿಭಾ ಪಲಾಯನದ ಬಗ್ಗೆ ಮಂತ್ರಿಗಳ ಭಾಷಣಕ್ಕೆ ವಸ್ತುವಾಗಬೇಕು.

ಪ್ರಯೋಗಪ್ರಾಣಿಗಳಿಗೆ ಲೋಕವೆಲ್ಲ ಮೂರು ನೀತಿ ಪಾಲಿಸುತ್ತದೆ: ಬದಲಿ ಹುಡುಕು, ಸಂಖ್ಯೆ ತಗ್ಗಿಸು, ನೋವು ಕಡಿಮೆ ಮಾಡು. ಕರುಣಾಳು ಭಾರತ ನಾಲ್ಕನೆಯದನ್ನೂ ಸೇರಿಸಿದೆ: ಪುನರ್ವಸತಿ. ಪ್ರಯೋಗ ಮುಗಿದ ಮೇಲೆ ನಾಯಿಯಂಥ ದೊಡ್ಡ ಪ್ರಾಣಿಗಳ ಮುಂದಿನ ಬದುಕಿನ ಹೊಣೆ ಪ್ರಯೋಗ ಮಾಡಿದವರದೇ. ಪ್ರಾಜೆಕ್ಟ್ ಮುಗಿದ ಮೇಲೆ ಪೋಸ್ಟ್‌ಡಾಕ್‌ಗೆ ಸಿಗುವುದು ಅನುಭವ ಪತ್ರ ಮತ್ತು ಐ.ಡಿ. ಕಾರ್ಡ್ ಹಿಂತಿರುಗಿಸಲು ಸೂಚನೆ.

ಆದ್ದರಿಂದ ಗಂಗಾನಗರದ ಮನೆ ಮಾಲೀಕರಲ್ಲಿ ಒಂದು ಅರಿಕೆ. ಹುಡುಗಿ ಒಳ್ಳೆಯವಳು, ರಾತ್ರಿ ಹೆಚ್ಚಾಗಿ ಲ್ಯಾಬಿನಲ್ಲೇ ಇರುತ್ತಾಳೆ, ನೀರೂ ಕರೆಂಟೂ ಉಳಿತಾಯ. ಅಡ್ವಾನ್ಸ್ ಸ್ವಲ್ಪ ಕಡಿಮೆ ಮಾಡಿ. ಬಾಡಿಗೆ ಐದನೇ ತಾರೀಖಿಗೇ ಬರಬೇಕೆಂದು ಹಟ ಹಿಡಿಯಬೇಡಿ; ದೆಹಲಿಯ ಕ್ಯಾಲೆಂಡರಿನಲ್ಲಿ ಆ ತಾರೀಖು ಇಲ್ಲ.