ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಕಿರುಹಾಯಿದೋಣಿಯ ಪರೀಕ್ಷಾವಿಧಿ

ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿರುವ, ಅತ್ತ ಕಡಲೂ ಇಲ್ಲದ ಇತ್ತ ದೊಡ್ಡ ಹೊಳೆಯೂ ಇಲ್ಲದ ಬೆಳಗಾವಿಗೆ ಹಾಯಿದೋಣಿಯ ಉಸಾಬರಿ ಯಾಕೆ ಎಂಬುದು ಪೂರ್ವಪಕ್ಷ. ಈ ಪ್ರಶ್ನೆ ಎತ್ತುವವರು ಸಾಮಾನ್ಯವಾಗಿ ಕಾರವಾರ, ಮಲ್ಪೆ ಕಡೆಯವರು. ಉಪ್ಪುನೀರಿನ ದಂಡೆಯವರ ಒಣ ಜಂಬ ಅದು. ಉತ್ತರ ಹೀಗಿದೆ: ಭಾರತೀಯನೊಬ್ಬ ಒಬ್ಬಂಟಿಯಾಗಿ ಭೂಮಂಡಲ ಸುತ್ತಿದ ಮೊದಲ ಹಾಯಿನೌಕೆಯ ಹೆಸರು ‘ಮ್ಹಾದೇಯಿ’. ನೌಕಾಪಡೆಯ ದಿಲೀಪ್ ದೋಂದೆ 2009–10ರಲ್ಲಿ ಅದರಲ್ಲಿ ಸುತ್ತಿ ಬಂದರು. 2012–13ರಲ್ಲಿ ಅಭಿಲಾಷ್ ಟಾಮಿ ಅದೇ ನೌಕೆಯಲ್ಲಿ ನಡುವೆ ಎಲ್ಲೂ ದಡ ಮುಟ್ಟದೆ ಸುತ್ತಿದರು. ಅದನ್ನು ಕಟ್ಟಿದ್ದು ಗೋವಾದ ದಿವಾಡಿ ದ್ವೀಪದಲ್ಲಿ, ಮಾಂಡೋವಿಯ ನೀರಿನ ನಡುವೆ. ಆ ಮಾಂಡೋವಿಯೇ ನಮ್ಮ ಮಹದಾಯಿ, ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ. ಹೆಸರು ನಮ್ಮದು, ನೀರು ನಮ್ಮದು, ಸುತ್ತಿದವರಷ್ಟೇ ಬೇರೆಯವರು. (ನೀರು ನಮ್ಮದೆಂಬ ಮಾತಿಗೆ ಗೋವಾದವರ ಆಕ್ಷೇಪವಿದೆ. ಮುಂದೆ ಖಂಡಿಸಲಾಗುವುದು.)

ಇನ್ನು ಲಕ್ಷಣ. ಕಿರುಹಾಯಿದೋಣಿ, ಅಂದರೆ ಇಂಗ್ಲಿಷಿನ ಪಾಕೆಟ್ ಕ್ರೂಸರ್, ಎಂದರೆ ಹದಿನೈದರಿಂದ ಇಪ್ಪತ್ತು ಅಡಿ ಚಿಲ್ಲರೆ ಉದ್ದದ, ಕಾರಿನ ಹಿಂದೆ ಟ್ರೇಲರಿನಲ್ಲಿ ಎಳೆದೊಯ್ಯಬಹುದಾದ, ಒಳಗೆ ಇಬ್ಬರು ಮಲಗಬಹುದಾದ ಆದರೆ ಒಬ್ಬನೂ ನೆಟ್ಟಗೆ ನಿಲ್ಲಲಾಗದ ಹಾಯಿದೋಣಿ. ಧಾರಾನಗರಿಯ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ನೌಕೆಗಳನ್ನು ಅಳತೆಯ ಮೇಲೆ ವಿಂಗಡಿಸುತ್ತ, 16 ಮೊಳ ಉದ್ದ, 4 ಮೊಳ ಅಗಲದ್ದನ್ನು ‘ಕ್ಷುದ್ರಾ’ ಎನ್ನುತ್ತದೆ. ಅಂದರೆ 24 ಅಡಿ. ನಮ್ಮದು ಆ ಕ್ಷುದ್ರಕ್ಕಿಂತಲೂ ಕ್ಷುದ್ರ. ಅದೇ ಗ್ರಂಥ ದೋಣಿಯ ತಳಕ್ಕೆ ಕಬ್ಬಿಣ ಬಳಸಬಾರದೆಂದು ವಿಧಿಸುತ್ತದೆ, ಸಮುದ್ರದ ಅಯಸ್ಕಾಂತ ಶಿಲೆಗಳು ಎಳೆದುಕೊಂಡಾವೆಂಬ ಭಯ. ನಮ್ಮ ದೋಣಿಯ ಮೈ ಫೈಬರ್ ಗ್ಲಾಸ್, ತಳದ ಭಾರ ಸೀಸ, ಕೂವೆಮರ ಅಲ್ಯೂಮಿನಿಯಂ. ಶಾಸ್ತ್ರಕ್ಕೆ ಕೂದಲೆಳೆಯಷ್ಟೂ ವಿರೋಧವಿಲ್ಲ. ಟ್ರೇಲರ್ ಮಾತ್ರ ಕಬ್ಬಿಣದ್ದು. ಜಾಂಬೋಟಿ–ಕಣಕುಂಬಿ ರಸ್ತೆಯಲ್ಲಿ ಅಯಸ್ಕಾಂತ ಶಿಲೆಗಳಿಲ್ಲವಾದರೂ ಮಳೆಗಾಲ ಮುಗಿದ ಮೇಲೆ ಗಾಲಿಯನ್ನು ತಮ್ಮತ್ತ ಎಳೆದುಕೊಳ್ಳುವ ತಗ್ಗುಗಳಿರುತ್ತವೆ. ಭೋಜನ ಭಯ ನಿರಾಧಾರವಲ್ಲ.

ಜಲಾವತರಣ ವಿಷಯದಲ್ಲಿ ಬೆಳಗಾವಿಗೆ ಯಾರೂ ಪಾಠ ಹೇಳಬೇಕಿಲ್ಲ. ಭಾರವಾದ, ಎತ್ತರವಾದ, ಪೆಟ್ಟು ತಾಗಬಾರದ ವಸ್ತುವೊಂದನ್ನು ಟ್ರೇಲರಿನ ಮೇಲೇರಿಸಿ, ಹುತಾತ್ಮ ಚೌಕ, ರಾಮದೇವ ಗಲ್ಲಿಗಳಿಂದ ಕಪಿಲೇಶ್ವರ ಹೊಂಡದವರೆಗೆ ಒಯ್ದು ಕ್ರೇನಿನಿಂದ ನೀರಿಗಿಳಿಸುವ ವಿದ್ಯೆಯನ್ನು ಈ ಊರು ಪ್ರತಿ ಅನಂತ ಚತುರ್ದಶಿಗೆ ಮಾಡಿ ತೋರಿಸುತ್ತ ಬಂದಿದೆ. ಮೆರವಣಿಗೆ ಮರುದಿನವೂ ನಡೆದಿರುತ್ತದೆ. ಗಣಪತಿ ಮೂರ್ತಿಯ ಕಿರೀಟಕ್ಕೆ ಲೈಟಿನ ತಂತಿ ತಾಗದಂತೆ ಬಿದಿರಿನ ಕೋಲು ಹಿಡಿದ ಹುಡುಗನೊಬ್ಬ ಮುಂದೆ ನಡೆಯುತ್ತಾನೆ. ಹಾಯಿದೋಣಿಗೆ ಬೇಕಾದವನು ಇವನೇ. ಇಪ್ಪತ್ತಡಿಯ ಅಲ್ಯೂಮಿನಿಯಂ ಕೂವೆಮರವನ್ನು ಬುಡದ ಕೀಲಿನ ಮೇಲೆ ಎತ್ತಿ ನಿಲ್ಲಿಸುವಾಗ ತಲೆ ಮೇಲೆ ತಂತಿ ಇದೆಯೇ ಎಂದು ನೋಡದವನ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ವಿದೇಶದ ಕೈಪಿಡಿಗಳು ಈ ಎಚ್ಚರಿಕೆಯನ್ನು ಕೆಂಪಕ್ಷರದಲ್ಲಿ ಅಚ್ಚು ಹಾಕುತ್ತವೆ, ನಮ್ಮಲ್ಲಿ ಗಲ್ಲಿಗೊಬ್ಬ ತಜ್ಞನಿದ್ದಾನೆ. ಎರಡೂ ಪ್ರಯೋಗಗಳಿಗೆ ಇರುವ ಭೇದ ಅಂತ್ಯದಲ್ಲಿ ಮಾತ್ರ: ಒಂದು ಮುಳುಗಿದರೆ ಜಯಘೋಷ, ಇನ್ನೊಂದು ಮುಳುಗಿದರೆ ಪಂಚನಾಮೆ.

ಗಾಳಿಯ ವಿಚಾರ. ಕೋಟೆ ಕೆರೆಯ ದಂಡೆಗೆ 2018ರಲ್ಲಿ ನಿಲ್ಲಿಸಿದ 110 ಮೀಟರ್ ಎತ್ತರದ ಧ್ವಜಸ್ತಂಭವಿದೆ. ನಾವಿಕರು ಗಾಳಿಯ ದಿಕ್ಕು ತಿಳಿಯಲು ಹಾಯಿಗೆ ಗೇಣುದ್ದದ ಉಣ್ಣೆದಾರ ಕಟ್ಟಿಕೊಳ್ಳುತ್ತಾರೆ. ನಮಗೆ ಊರಿಗೆಲ್ಲ ಕಾಣುವ ಬಾವುಟವೇ ಇದೆ. ತೊಡಕು ಒಂದೇ: ಗಾಳಿ ಜೋರಾದರೆ ಬಟ್ಟೆ ಹರಿದೀತೆಂದು ಇಳಿಸಿಡುತ್ತಾರೆ. ಆದ್ದರಿಂದ ಬಾವುಟ ಕಂಡರೆ ಗಾಳಿಯಿಲ್ಲವೆಂದೂ ಕಾಣದಿದ್ದರೆ ಗಾಳಿಯಿದೆಯೆಂದೂ ತಿಳಿಯತಕ್ಕದ್ದು. ಕಾಣದಿರುವುದರಿಂದಲೇ ತಿಳಿಯುವ ಈ ಕ್ರಮಕ್ಕೆ ಮೀಮಾಂಸಕರು ಅನುಪಲಬ್ಧಿ ಪ್ರಮಾಣ ಎನ್ನುತ್ತಾರೆ. ಕುಮಾರಿಲ ಭಟ್ಟರಿಗೆ ಇದಕ್ಕಿಂತ ಎತ್ತರದ ಉದಾಹರಣೆ ಸಿಕ್ಕಿರಲಿಲ್ಲ.

ವೇಗಕ್ಕೆ ಸೂತ್ರವಿದೆ. ನೀರು ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ವರ್ಗಮೂಲ ತೆಗೆದು, 1.34ರಿಂದ ಗುಣಿಸಿದರೆ ದೋಣಿಯ ಪರಮವೇಗ ನಾಟ್‌ಗಳಲ್ಲಿ ದೊರೆಯುತ್ತದೆ. 16 ಅಡಿಯ ದೋಣಿಗೆ 5.36 ನಾಟ್, ಅಂದರೆ ತಾಸಿಗೆ ಹತ್ತು ಕಿಲೋಮೀಟರಿನ ಒಳಗೆ. ದೋಣಿ ತಾನೆಬ್ಬಿಸಿದ ಅಲೆಯ ತಗ್ಗಿನಲ್ಲೇ ಸಿಕ್ಕಿಬೀಳುವುದರಿಂದ ಗಾಳಿ ಎಷ್ಟು ಬೀಸಿದರೂ ಇದಕ್ಕೆ ಮೇಲೆ ಹೋಗುವುದು ಕಷ್ಟ. ಎದುರುಗಾಳಿಗಂತೂ ನೇರ ಹೋಗಲಿಕ್ಕೇ ಬರುವುದಿಲ್ಲ. ದೀಪಾವಳಿಯ ಹಿಂದಿನ ಸಂಜೆ ಖಡೇಬಜಾರಿನಲ್ಲಿ ನಡೆದಂತೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಓರೆಯಾಗಿ ಹಾಯ್ದೇ ಮುಂದೆ ಸಾಗಬೇಕು. ಕೋಟೆ ಕೆರೆಯಲ್ಲಿ ಹೀಗೆ ಹಾಯುವುದರೊಳಗೆ ಆಚೆ ದಂಡೆ ಬಂದಿರುತ್ತದೆ. ರಾಕಸಕೊಪ್ಪ ಜಲಾಶಯ ವಿಶಾಲವೇನೋ ಹೌದು, ಆದರೆ ಅದು ಊರು ಕುಡಿಯುವ ನೀರು.

ಉಳಿದದ್ದು ಖಾನಾಪುರ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಆದ್ದರಿಂದ ಖಾನಾಪುರದ ಬಳಿಯ ಅಸೋಗಾದಲ್ಲಿ ದೋಣಿ ಇಳಿಸಿದರೆ ತಾತ್ವಿಕವಾಗಿ ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಸಂಗಮ ಮುಟ್ಟಬಹುದು. ನಡುವೆ ನವಿಲುತೀರ್ಥದ ಅಣೆಕಟ್ಟು ಬರುತ್ತದೆ, ಅಲ್ಲಿ ಮತ್ತೆ ಟ್ರೇಲರಿಗೆ ಕೆಲಸ. ಅದೇ ತಾಲ್ಲೂಕಿನ ಮಹದಾಯಿ ಪಶ್ಚಿಮಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ವಜ್ರಪೋಹ ಜಲಪಾತವಿದೆ. ದೋಣಿ ಅಲ್ಲಿಯೂ ಇಳಿಯುತ್ತದೆ, ಆದರೆ ಆ ಕ್ರಿಯೆಯನ್ನು ನೌಕಾಯಾನದಲ್ಲಿ ಲೆಕ್ಕ ಹಿಡಿಯಲಾಗದು.

ಅಸೋಗಾದ ಮೆಟ್ಟಿಲ ಬಳಿ ಟ್ರೇಲರ್ ಹಿಮ್ಮುಖ ತಿರುಗಿಸುವಷ್ಟರಲ್ಲಿ ಮಂದಿ ಕೂಡುತ್ತಾರೆ. ಕೇಳುವ ಪ್ರಶ್ನೆಗಳು ನಿಯತ.

“ಏನ್ರೀ ಸಾಹೇಬ್ರ, ಮೀನ ಹಿಡಿಯೂದೇನ್ರಿ ಇದು?”

“ಅಲ್ರಿ. ಹಾಯಿ ಕಟ್ಟಿ ಹೋಗೂದು.”

“ಆವರೇಜ್ ಎಷ್ಟ್ ಕೊಡತೈತ್ರಿ?”

“ಎಣ್ಣೀನ ಬ್ಯಾಡ್ರಿ ಇದಕ್ಕ. ಗಾಳೀಲೆ ಹೊಕ್ಕೈತಿ.”

“ಗಾಳಿ ನಿಂತರ?”

ಮೂರನೆಯ ಪ್ರಶ್ನೆಗೆ ಜಗತ್ತಿನ ಯಾವ ನೌಕಾಶಾಸ್ತ್ರವೂ ಹುಟ್ಟು ಹಾಕುವುದರ ಹೊರತು ಸಮಾಧಾನ ಕೊಟ್ಟಿಲ್ಲ.

ಇದಕ್ಕಿಂತ ಗಹನವಾದದ್ದು ಋತುವಿನ ಸಮಸ್ಯೆ. ಆಷಾಢದಲ್ಲಿ ಗಾಳಿ ಬೇಕಾದಷ್ಟು, ಆದರೆ ಹೊಳೆ ಕೆಂಪಾಗಿ, ಮರದ ಬೊಡ್ಡೆ ಹೊತ್ತು ಬರುತ್ತಿರುತ್ತದೆ. ಬೇಸಗೆಯಲ್ಲಿ ಹೊಳೆ ಸಾಧು, ಆದರೆ ತಳದಿಂದ ನೀರಿಗಿಳಿದಿರುವ ಕೀಲುಹಲಗೆಯನ್ನು ಪೂರ್ತಿ ಮೇಲೆತ್ತಿದರೂ ದೋಣಿಗೆ ಒಂದಡಿ ನೀರು ಬೇಕು. ಆ ಒಂದಡಿಗಾಗಿ ಹುಡುಕುತ್ತ ಹೋದವರು ಮೊಣಕಾಲುದ್ದ ನೀರಿನಲ್ಲಿ ದೋಣಿಯನ್ನು ತಾವೇ ಎಳೆಯುವ ಸ್ಥಿತಿಗೆ ಬರುತ್ತಾರೆ.

ಈಗ ನೀರು ನಮ್ಮದೆಂಬ ಮಾತಿಗೆ ಗೋವಾದವರ ಆಕ್ಷೇಪ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ವ್ಯಾಜ್ಯ ಅಲ್ಲಿಗೆ ನಿಲ್ಲದೆ ಸುಪ್ರೀಂ ಕೋರ್ಟಿಗೆ ಹೋಯಿತು. 500 ಕಿಲೋ ತೂಕದ ದೋಣಿ ಆರ್ಕಿಮಿಡೀಸನ ನಿಯಮದಂತೆ ಅರ್ಧ ಘನ ಮೀಟರ್, ಅಂದರೆ ಹದಿನೇಳೂವರೆ ಘನ ಅಡಿಗಿಂತ ತುಸು ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೆಕ್ಕ ಹಾಕಿದರೆ ಒಂದೇ ಟಿಎಂಸಿಯಲ್ಲಿ ಇಂಥ ಐದೂವರೆ ಕೋಟಿ ದೋಣಿಗಳಿಗೆ ಎಡೆಯುಂಟು. ಮೇಲಾಗಿ ದೋಣಿ ನೀರನ್ನು ಕುಡಿಯುವುದಿಲ್ಲ, ಕಾಲುವೆಗೆ ತಿರುಗಿಸುವುದಿಲ್ಲ. ಹದಿನೇಳೂವರೆ ಘನ ಅಡಿಯ ಜಾಗ ಕಡ ಪಡೆದು ಸಂಜೆ ಟ್ರೇಲರ್ ಏರುವಾಗ ಬಡ್ಡಿಯಿಲ್ಲದೆ ಹಿಂತಿರುಗಿಸುತ್ತದೆ. ಎರಡೂ ರಾಜ್ಯಗಳ ವಕೀಲರು ಹೀಗೆ ನಡೆದುಕೊಂಡಿದ್ದರೆ ಇಷ್ಟು ಕಡತ ಬೆಳೆಯುತ್ತಿರಲಿಲ್ಲ.

ಹಾಗಾಗಿ ಸಿದ್ಧಾಂತ: ಮೈಕಟ್ಟು, ಕೂವೆಮರ, ಟ್ರೇಲರುಗಳ ಪರೀಕ್ಷೆ ಬೆಳಗಾವಿಯಲ್ಲಿ, ತಾಳ್ಮೆಯ ಪರೀಕ್ಷೆ ಖಾನಾಪುರದಲ್ಲಿ. ಹಾಯಿಯ ಪರೀಕ್ಷೆಗೆ ಮಾತ್ರ ಚೋರ್ಲಾ ಘಾಟ ಇಳಿದು ಪಣಜಿಗೆ ಹೋಗಬೇಕು. ಅಲ್ಲಿ ಮಾಂಡೋವಿಯ ಮೇಲೆ ನಮ್ಮದೇ ತಾಲ್ಲೂಕಿನ ನೀರಿನಲ್ಲಿ ದೋಣಿ ತೇಲುತ್ತದೆ. ಈ ವಿಧಿಗೆ ವಿದ್ವಾಂಸರ ಆಕ್ಷೇಪಗಳಿದ್ದರೆ ಭಾದ್ರಪದದ ಚೌತಿಯೊಳಗೆ ತಿಳಿಸಬೇಕು. ಆಮೇಲೆ ಊರಲ್ಲಿ ಕ್ರೇನು ಸಿಗುವುದಿಲ್ಲ.