ಮೆಕ್ಸಿಕೋ ವರ, ತುರಹಳ್ಳಿ ಬಿಡುಗಡೆ

ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಒಂದರ ನಾಲ್ಕನೇ ಮಹಡಿ. ಗಾಜಿನ ತೊಟ್ಟಿ, ತಳದಲ್ಲಿ ಕೋಕೋಪೀಟ್, ಮೂಲೆಯಲ್ಲಿ ನೀರು ತುಂಬಿದ ಬಾಟಲಿ ಮುಚ್ಚಳ. ಒಳಗೆ ಅಂಗೈಯಗಲದ ಮೆಕ್ಸಿಕೋ ಮೂಲದ ಕೆಂಪು ಮಂಡಿ ಟ್ಯಾರಂಟುಲಾ, ಗಂಡು. ಈ ಭಾನುವಾರ ತುರಹಳ್ಳಿ ಕಾಡಿನಲ್ಲಿ ಇವರ ಬಿಡುಗಡೆ. ರೀಲ್ಸ್‌ಗೆ ಕೊಳಲಿನ ಸಂಗೀತವನ್ನೂ ಯಜಮಾನರು ಆರಿಸಿಟ್ಟಿದ್ದಾರೆ. ಬಿಡುಗಡೆ ಆಗಬೇಕಾದವರನ್ನು ಮಾತ್ರ ಯಾರೂ ಕೇಳಿಲ್ಲ. ಕೇಳೋಣವೆಂದು ಹೋದೆವು.

ನಾವು: ಅಭಿನಂದನೆ ಸಾರ್, ಸ್ವಾತಂತ್ರ್ಯ ಸಿಗ್ತಿದೆ!

ಜೇಡ: ಸ್ವಲ್ಪ ದೂರ ನಿಂತು ಮಾತಾಡಿ. ಹಿಂಗಾಲಲ್ಲಿ ಹೊಟ್ಟೆ ಕೆರೆದುಕೊಂಡರೆ ರೋಮ ಹಾರುತ್ತೆ. ಕಣ್ಣಿಗೆ ಬಿದ್ದರೆ ಸಂದರ್ಶನ ಡಾಕ್ಟರ ಹತ್ತಿರ ಮುಂದುವರಿಸಬೇಕಾಗುತ್ತೆ.

ನಾವು: ಊಟ ಬಿಟ್ಟು ರಾತ್ರಿಯಿಡೀ ಗಾಜು ಹತ್ತುತ್ತೀರಂತೆ. ಕಾಡು ಕರೀತಿದೆ ಅಂತಾರೆ ಯಜಮಾನ್ರು.

ಜೇಡ: ಕಾಡಲ್ಲ ಸ್ವಾಮಿ, ವಯಸ್ಸು. ಕೊನೇ ಪೊರೆ ಬಿಟ್ಟಾಯ್ತು. ಬಾಯ ಪಕ್ಕದ ಈ ಎರಡು ಪುಟ್ಟ ಕೈ ನೋಡಿ, ತುದಿ ಬಾಕ್ಸಿಂಗ್ ಗ್ಲೌಸ್ ಥರ ಉಬ್ಬಿದೆ. ಮುಂಗಾಲಲ್ಲಿ ಕೊಕ್ಕೆ ಬಂದಿದೆ. ಮಿಲನದ ಹೊತ್ತಲ್ಲಿ ಹೆಣ್ಣಿನ ಕೋರೆಹಲ್ಲು ತಡೆದು ಹಿಡಿಯೋಕೆ ಅದು ಬೇಕು. ಒಟ್ಟಿನಲ್ಲಿ ಹೆಣ್ಣು ನೋಡೋಕೆ ಹೊರಟಿದೀನಿ, ಗಾಜು ಅಡ್ಡ ಬರ್ತಿದೆ.

ನಾವು: ತುರಹಳ್ಳಿಯಲ್ಲಿ ಸಿಗಲ್ವಾ?

ಜೇಡ: ನಮ್ಮ ಕುಲದ ಹೆಣ್ಣಿರೋದು ಮೆಕ್ಸಿಕೋದ ಪೆಸಿಫಿಕ್ ಕಡೆಯ ಬೆಟ್ಟಗಳಲ್ಲಿ. ನಾನು ಕನಕಪುರ ರಸ್ತೆ ದಾಟೋದೇ ಅನುಮಾನ. ಗಂಡಿಗೆ ಕೊನೇ ಪೊರೆ ಆದ ಮೇಲೆ ಒಂದು ವರ್ಷ, ಅಬ್ಬಬ್ಬಾ ಅಂದ್ರೆ ಇನ್ನಷ್ಟು. ಹೆಣ್ಣಾಗಿದ್ದಿದ್ರೆ ಇಪ್ಪತ್ತು ವರ್ಷ ದಾಟಿ, ಈ ಫ್ಲ್ಯಾಟಿನ ಸಾಲ ತೀರೋದನ್ನೂ ನೋಡ್ತಿದ್ದೆ.

ನಾವು: ಇಲ್ಲಿನ ಜೇಡಗಳು ಸೇರಿಸಿಕೊಳ್ಳಲ್ವಾ?

ಜೇಡ: ದಾಯಾದಿಗಳು ಇದ್ದಾರೆ. ಮೈಸೂರಿನ ಹೆಸರು ಅಂಟಿಸಿಕೊಂಡ ಪೀಸಿಲೊಥೇರಿಯಾ ಸ್ಟ್ರಿಯೇಟಾ ಅಂತ, ಮರದ ಪೊಟರೆಯಲ್ಲಿ ಸಂಸಾರ. ಅವರ ಕಾಡೇ ಕರಗ್ತಿದೆ, ಮೇಲೆ ನಾನು ಯಾವ ಹುಳ, ಯಾವ ರೋಗ ಹೊತ್ತು ತರ್ತೀನೋ! ಯಾರು ಪರೀಕ್ಷೆ ಮಾಡಿಸಿದಾರೆ?

ನಾವು: ಅಂದಹಾಗೆ, ನೀವು ಇಲ್ಲಿಗೆ ಬಂದದ್ದು ಹೇಗೆ?

ಜೇಡ: (ತುಸು ಹೊತ್ತು ಬಿಟ್ಟು) 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನ ಅಂಚೆ ಪಾರ್ಸೆಲ್ ಬಿಚ್ಚಿದರು. ಬೆಳ್ಳಿ ಹಾಳೆ, ಹತ್ತಿ ಸುತ್ತಿದ ಪುಟ್ಟ ಸೀಸೆಗಳಲ್ಲಿ 107 ಜೀವಂತ ಜೇಡ! ನನ್ನ ಪಾರ್ಸೆಲ್ ಯಾರೂ ಬಿಚ್ಚಲಿಲ್ಲ, ಅಷ್ಟೇ ಹೇಳಬಲ್ಲೆ.

ನಾವು: ಕಾಗದಪತ್ರ?

ಜೇಡ: 2024ರಲ್ಲಿ ನಿಯಮ ಬಂತಲ್ಲ, ನಮ್ಮಂಥವರನ್ನು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ಸತ್ತರೂ ತಿಳಿಸಬೇಕು ಅಂತ. ಯಜಮಾನರಿಗೆ ಪಾಸ್‌ವರ್ಡ್ ಮರೆತುಹೋಯ್ತು, ಕರುಣೆ ಉಕ್ಕಿತು. ಎರಡೂ ಒಂದೇ ವಾರದಲ್ಲಿ.

ನಾವು: ಅದೇ ಕಾರಣ ಅಂತೀರಾ?

ಜೇಡ: ಇನ್ನೊಂದಿದೆ. ಅವರಿಗೆ ವೀಸಾ ಬಂದಿದೆ, ಟೆಕ್ಸಾಸ್‌ಗೆ. ಮೆಕ್ಸಿಕೋ ಗಡಿಗೆ! ಅಲ್ಲಿಗೆ ಅವರು, ತುರಹಳ್ಳಿಗೆ ನಾನು.

ನಾವು: ನಿಮ್ಮ ಬೇಡಿಕೆ?

ಜೇಡ: ಕಾಡು ಬೇಡ. ಸಾಕೋದು ಗೊತ್ತಿರೋರ ಕೈಗೆ, ಕಾಗದ ಸರಿಮಾಡಿ ಒಪ್ಪಿಸಲಿ. ಆಗಾಗ ಒಂದು ಜಿರಳೆ ಹಾಕಿದರೆ ಆಯ್ತು, ಬೇಕಾದರೆ ತಿಂತೀನಿ. ನೀವೇ ಇಟ್ಕೊಳ್ತೀರಾ?

ನಾವು: ನಮ್ಮನೆಯವಳನ್ನ ಒಂದು ಮಾತು ಕೇಳಿ...

ಜೇಡ: ಕೇಳಿ, ಕೇಳಿ. ಆದರೆ ಹುಷಾರು, ನಿಮಗೆ ಮುಂಗಾಲಲ್ಲಿ ಕೊಕ್ಕೆ ಇಲ್ಲ.